ದುರ್ಬೀನಿಗೆ ಮಂಜು ಕವಿದಾಗ

ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಏನನ್ನೂ ಕೇಳುತ್ತಿರಲಿಲ್ಲ. ಕೇಳುವ ಪ್ರಮೇಯವೇ ಬಂದಿರಲಿಲ್ಲ. ಗಂಡ ಕೆಲಸದಿಂದ ಬಂದು "ಹಸಿವಿಲ್ಲ" ಎಂದರೆ ತಟ್ಟೆ ಬರುತ್ತಿತ್ತು. ಮಗಳು "ನಂಗೇನೂ ಆಗಿಲ್ಲ" ಎಂದು ಬಾಗಿಲು ಬಡಿದು ಹಾಕಿಕೊಂಡರೆ ಸ್ವಲ್ಪ ಹೊತ್ತಿನಲ್ಲಿ ಬಾಗಿಲಾಚೆ ಒಂದು ಲೋಟ ಬಿಸಿ ಹಾಲು ಬಂದು ಕೂರುತ್ತಿತ್ತು. ಅತ್ತೆ "ನನ್ನ ಗೊಡವೆ ಯಾರಿಗೂ ಬೇಡ" ಎಂದು ಗೋಡೆಗೆ ಮುಖ ಮಾಡಿದರೆ, ಸೊಸೆ ಬಾಚಣಿಗೆ ತಂದು ಹಿಂದೆ ಕೂತು ಆ ಬಿಳಿ ಕೂದಲನ್ನು ಬಾಚತೊಡಗುತ್ತಿದ್ದಳು. ಇಪ್ಪತ್ತು ವರ್ಷಕ್ಕೂ ಮೇಲೆ ಸಂಸಾರ ಹೀಗೇ ನಡೆದಿತ್ತು. ಬೇಡ ಬೇಡ ಎನ್ನುತ್ತಲೇ ಬೇಕಾದ್ದನ್ನೆಲ್ಲ ಪಡೆದುಕೊಂಡು ಎಲ್ಲರೂ ಹಾಯಾಗಿದ್ದರು.

ಇಷ್ಟಕ್ಕೆಲ್ಲ ಕಾರಣ ಸೊಸೆಯ ಕಣ್ಣು. ಒಬ್ಬರ ಮುಖ ನೋಡಿದರೆ ಸಾಕು, ಒಳಗೆ ಏನು ಬೇಯುತ್ತಿದೆ ಎಂದು ಅವಳಿಗೆ ತಿಳಿದುಹೋಗುತ್ತಿತ್ತು. ಗಂಡ ಮದುವೆಯಾದ ಹೊಸದರಲ್ಲೇ ಅವಳಿಗೆ ದುರ್ಬೀನು ಎಂದು ಹೆಸರಿಟ್ಟಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು. ಲಿಫ್ಟ್ ಕೆಡುವ ಮುಂಚೆ ಕಿರ್ ಎಂದು ಸದ್ದಾದರೂ ಮಾಡುತ್ತದೆ, ಮನುಷ್ಯರು ಅದನ್ನೂ ಮಾಡುವುದಿಲ್ಲ, ಅದಕ್ಕೇ ಮನೆಗೊಂದು ದುರ್ಬೀನು ಇರಬೇಕು ಎಂಬುದು ಅವನ ವಾದ.

ಅವಳ ಸಂಬಳವೂ ಆ ಕಣ್ಣಿನಿಂದಲೇ ಬರುತ್ತಿತ್ತು. ಪೇಟೆಬೀದಿಯ ಮಕ್ಕಳ ಶೂ ಅಂಗಡಿಯಲ್ಲಿ ಅವಳಿಗೆ ಕೆಲಸ. ಕುಳ್ಳ ಸ್ಟೂಲಿನ ಮೇಲೆ ಕೂತು, ಮಗುವಿನ ಕಾಲಿಗೆ ಶೂ ಹಾಕಿ, ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಆಗ ಅಪ್ಪ, ಅಮ್ಮ, ಮಾಲೀಕ ಎಲ್ಲರೂ ಶೂ ನೋಡುತ್ತಾರೆ. ದುರ್ಬೀನು ಮಾತ್ರ ಮಗುವಿನ ಮುಖ ನೋಡುತ್ತಿದ್ದಳು. ಬಕಲು ಚೆನ್ನಾಗಿದೆಯೆಂದು ನೋವು ನುಂಗಿಕೊಂಡು ಹಲ್ಲುಕಿರಿಯುವ ಮಕ್ಕಳನ್ನು ಅವಳು ಎಷ್ಟು ಕಂಡಿದ್ದಳೋ. "ಇದು ಬೇಡ, ಇನ್ನೊಂದು ತರ್ತೀನಿ" ಎಂದು ಮಗು ಬಾಯಿ ತೆರೆಯುವ ಮೊದಲೇ ಎದ್ದಿರುತ್ತಿದ್ದಳು.

ಬರುಬರುತ್ತಾ ಆ ಕಣ್ಣಿಗೆ ಬಾಗಿಲೇ ಇಲ್ಲದಂತಾಯಿತು. ಬಸ್ಸಿನಲ್ಲಿ ಎದುರು ಕೂತ ಅಪರಿಚಿತನ ದುಃಖ ಇವಳೊಂದಿಗೆ ಇಳಿದು ಮನೆಗೆ ಬರುತ್ತಿತ್ತು. ಯಾರದೋ ಜಗಳ, ಇನ್ಯಾರದೋ ಅವಮಾನ ತಲೆಯೊಳಗೆ ಕೂತು ನಿದ್ದೆ ಕೆಡಿಸುತ್ತಿತ್ತು. ಒಂದು ಮಧ್ಯಾಹ್ನ ಅಂಗಡಿಯ ಹಿಂದಿನ ಉಗ್ರಾಣದಲ್ಲಿ ಶೂ ಡಬ್ಬಿಗಳ ಮಧ್ಯೆ ಕೂತವಳು ಎದೆ ಹೊಡೆದುಕೊಂಡು, ಉಸಿರು ಸಿಗದೆ, ಯಾಕೆಂದು ತಿಳಿಯದೆ ಅತ್ತಳು. ಮಾಲೀಕ ಗಂಡನಿಗೆ ಫೋನ್ ಮಾಡಿದ. ಡಾಕ್ಟರಮ್ಮ ಒಂದು ಮಾತ್ರೆ ಬರೆದುಕೊಟ್ಟರು.

"ನಿಧಾನಕ್ಕೆ ಹಿಡಿಯುತ್ತೆ, ಅವಸರ ಮಾಡ್ಬೇಡಿ. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸೋದೂ ಬೇಡ," ಎಂದರು.

ಮಾತ್ರೆ ಹಿಡಿಯಿತು. ಕೆಲವು ವಾರಗಳಲ್ಲಿ ಲೋಕವೇ ತಂಪಾಯಿತು. ಬಿಸಿಲಿನಿಂದ ಬಂದವರು ಒಗೆದು ಒಣಗಿಸಿದ ಬಿಳಿ ಹಾಸಿನ ಮೇಲೆ ಉರುಳಿದಾಗ ಆಗುತ್ತದಲ್ಲ, ಅಂಥ ತಂಪು. ಬೆಳಗ್ಗೆ ಅಡುಗೆಮನೆಯ ಕಿಟಕಿಯಿಂದ ಬಿದ್ದ ಬೆಳಕಿನಲ್ಲಿ ಹಾಲಿನ ಹಬೆ ಮೇಲೇಳುವುದನ್ನು ನೋಡುತ್ತಾ ನಿಂತುಬಿಡುತ್ತಿದ್ದಳು. ದಾರಿಯಲ್ಲಿ ಎದುರಾಗುವ ಮುಖಗಳು ಮೋಡಗಳಂತೆ ತೇಲಿ ಹೋಗುತ್ತಿದ್ದವು. ಒಂದೂ ನಿಂತು ಮಳೆ ಸುರಿಸುತ್ತಿರಲಿಲ್ಲ. ಅಂಗಡಿಯಲ್ಲಿ ಹೊಸ ಶೂವಿನೊಳಗಿನ ತೆಳು ಕಾಗದ ತೆಗೆಯುವಾಗ ಬರುವ ಸರಬರ ಸದ್ದು ಎಷ್ಟು ಹಿತವಾಗಿದೆ ಎಂದು ಅವಳಿಗೆ ಈಗಷ್ಟೇ ಗೊತ್ತಾದಂತಿತ್ತು. ರಾತ್ರಿ ತಲೆ ಇಟ್ಟರೆ ನಿದ್ದೆ. ತಲೆಯೊಳಗೆ ತಾನೊಬ್ಬಳೇ ಇರುವುದು ಇಷ್ಟು ಸುಖವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮೊದಲು ಪೆಟ್ಟು ತಿಂದವನು ಗಂಡ.

ಸಂಜೆ ಕೈಗಂಟಿದ ಗ್ರೀಸನ್ನು ಒರೆಸಿಕೊಳ್ಳುತ್ತಾ ಬಂದವನು ಎಂದಿನಂತೆ "ಹಸಿವಿಲ್ಲ" ಎಂದ. ಯಾವುದೋ ಕಟ್ಟಡದವರು ಅವನನ್ನು ಬೈದು ಕಳಿಸಿದ್ದರು. ಹಿಂದಿನ ದುರ್ಬೀನಾದರೆ ಆ ಬೈಗುಳವನ್ನು ಮುಖದಲ್ಲೇ ಓದಿಕೊಂಡು ಬೇಯಿಸಿದ ಆಲೂಗಡ್ಡೆ ಬಡಿಸುತ್ತಿದ್ದಳು. ಈಗಿನವಳು "ಹೌದಾ, ಸರಿ" ಎಂದು ಪಾತ್ರೆ ಮುಚ್ಚಿ ಎತ್ತಿಟ್ಟಳು. ಅವನು ಅಡುಗೆಮನೆಯ ಕಡೆ ಒಮ್ಮೆ, ಟಿವಿಯ ಕಡೆ ಒಮ್ಮೆ ನೋಡಿದ. ನೀರು ಕುಡಿದ. ಇನ್ನೊಮ್ಮೆ ನೀರು ಕುಡಿದ. ಖಾಲಿ ಹೊಟ್ಟೆಯಲ್ಲಿ ಮಲಗಿದ. ಹೀಗೆ ನಾಲ್ಕಾರು ಸಲ ಆದಮೇಲೆ ಒಂದು ಸಂಜೆ ಬಾಗಿಲಲ್ಲೇ ನಿಂತು, ಸಾಲ ಕೇಳುವವನಂತೆ ತಲೆ ತಗ್ಗಿಸಿ, "ನಂಗೆ ಹಸಿವಾಗಿದೆ ಕಣೇ," ಎಂದ.

"ಹೇಳ್ಬಾರ್ದಾ ಮತ್ತೆ? ಬನ್ನಿ," ಎಂದು ಅವಳು ನಗುತ್ತಾ ಬಡಿಸಿದಳು.

ಮಗಳು ನಕ್ಕು ನಕ್ಕು ಸುಸ್ತಾದಳು. ಅತ್ತೆ ನಗಲಿಲ್ಲ. "ಗಂಡಸು ಹಸಿವು ಅಂತ ಬಾಯಿಬಿಟ್ಟು ಕೇಳೋ ಕಾಲ ಬಂತು," ಎಂದು ಗೊಣಗಿದರು.

ಅತ್ತೆಗೆ ಆ ಮನೆಯಲ್ಲಿ ಹೊರಗಿನ ಕೋಣೆ. ಬೀದಿಗೆ ತೆರೆಯುವ ಕಿಟಕಿ, ಅದರ ಪಕ್ಕ ಕುರ್ಚಿ, ಕುರ್ಚಿಯ ಮುಂದೆ ಕಾಲಿಡುವ ಮಣೆ. ಸೊಸೆಯನ್ನು ಇವತ್ತಿಗೂ "ಏ ಹುಡುಗಿ" ಎಂದೇ ಕರೆಯುತ್ತಿದ್ದರು. ಒಂದು ದಿನಕ್ಕೂ ಬಾಯಲ್ಲಿ ಮೆತ್ತಗಿನ ಮಾತಿಲ್ಲ. ವರ್ಷಕ್ಕೆ ನಾಲ್ಕೈದು ಸಲವಾದರೂ "ನನ್ನನ್ನ ಮಗಳ ಮನೆಗೆ ಕಳಿಸಿಬಿಡಿ" ಎಂದು ಕೂಗಾಡುತ್ತಿದ್ದರು. ಅವರ ಮಗಳು ಬೇರೆ ಊರಿನಲ್ಲಿ ದೊಡ್ಡ ಮನೆ ಮಾಡಿಕೊಂಡಿದ್ದಳು. ಅತ್ತೆ ಹಾಗೆ ಕೂಗಿದರೆ ಅದರರ್ಥ ಮಂಡಿ ನೋಯುತ್ತಿದೆ, ಇಲ್ಲವೇ ಎರಡು ದಿನದಿಂದ ಯಾರೂ ತಮ್ಮ ಹತ್ತಿರ ಕೂತು ಮಾತಾಡಿಲ್ಲ. ಆ ಅರ್ಥ ಮನೆಯಲ್ಲಿ ಒಬ್ಬಳಿಗೆ ಮಾತ್ರ ತಿಳಿಯುತ್ತಿತ್ತು, ಬಾಚಣಿಗೆಯೂ ಅವಳ ಕೈಯಲ್ಲೇ ಇತ್ತು.

ಆ ಭಾನುವಾರ ಊಟದ ಮೇಜಿನಲ್ಲಿ ಸೂಪಿನಿಂದ ಶುರುವಾಯಿತು.

"ಇದೇನು, ತಣ್ಣಗಿದೆ," ಎಂದರು ಅತ್ತೆ.

"ಬಿಸಿ ಮಾಡ್ಲಾ?"

"ಬೇಡ. ಮುದುಕಿಗೆ ಬಿಸಿ ಆದ್ರೇನು, ತಣ್ಣಗಾದ್ರೇನು. ಕಿಟಕಿ ಹಾಕಿ ಅಂತ ಬೆಳಗಿಂದ ಬಡ್ಕೊಂಡೆ, ಯಾರಿಗಾದ್ರೂ ಕೇಳಿಸ್ತಾ?"

"ಅಮ್ಮ, ಕಿಟಕಿ ಹಾಕಿದೆನಲ್ಲ," ಎಂದ ಗಂಡ.

"ನೀನು ಸುಮ್ನಿರೋ. ಈ ಮನೇಲಿ ನಾನು ಯಾರಿಗೆ ಬೇಕು? ನನ್ನನ್ನ ಮಗಳ ಮನೆಗೆ ಕಳಿಸಿಬಿಡಿ. ನಿಮಗೂ ನೆಮ್ಮದಿ, ನನಗೂ ನೆಮ್ಮದಿ."

ದುರ್ಬೀನು ಬ್ರೆಡ್ಡಿನ ಚೂರನ್ನು ಸೂಪಿನಲ್ಲಿ ಅದ್ದುತ್ತಿದ್ದಳು. ಅದು ಮೆಲ್ಲಗೆ ಮೆತ್ತಗಾಗಿ ಮುಳುಗುವುದನ್ನು ನೋಡುತ್ತಲೇ, "ಸರಿ ಅತ್ತೆ. ಯಾವಾಗ ಹೋಗ್ತೀರಿ?" ಎಂದಳು.

ಅತ್ತೆಯ ಚಮಚ ಅರ್ಧದಲ್ಲೇ ನಿಂತಿತು. ಗಂಡ ಹೆಂಡತಿಯ ಮುಖ ನೋಡಿದ, ಮಗಳು ಅಜ್ಜಿಯ ಮುಖ ನೋಡಿದಳು. ದುರ್ಬೀನಿನ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಅದೇ ಅತ್ತೆಗೆ ತಡೆಯಲಾಗದ ಮಾತಾಯಿತು. ಸಿಟ್ಟಿನಲ್ಲಿ ಅಂದಿದ್ದರೆ ಎರಡು ಮಾತು ತಿರುಗಿಸಿ ಆಡಿ ಮರೆಯಬಹುದಿತ್ತು.

"ಈ ತಿಂಗಳ ಕೊನೆಗೇ," ಎಂದರು ಅತ್ತೆ. ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ಅವರದಲ್ಲ.

ಅಂದೇ ಸಂಜೆ ನಾದಿನಿಗೆ ಫೋನು ಹೋಯಿತು. ನಾದಿನಿ ಮಾತಾಡಲು ಶುರುಮಾಡಿದರೆ ಎದುರಿನವರು ಹೂಂ ಎನ್ನುವುದಕ್ಕೂ ಸಂದಿ ಸಿಗುವುದಿಲ್ಲ. "ಬರ್ಲಿ ಬರ್ಲಿ, ರೂಮ್ ಖಾಲಿನೇ ಇದೆ, ನಾವಿಬ್ರೂ ಬೆಳಗ್ಗೆ ಹೋದ್ರೆ ಸಂಜೆನೇ ಬರೋದು, ಅಮ್ಮ ಆರಾಮಾಗಿ ಒಬ್ಳೇ ಇರಬಹುದು, ದೊಡ್ಡ ಟಿವಿ ಇದೆ!" ಎಂದಳು. ಫೋನಿನ ದನಿ ಜೋರಾಗಿತ್ತು. ಹೊರಗಿನ ಕೋಣೆಯಲ್ಲಿದ್ದ ಅತ್ತೆಗೆ 'ಒಬ್ಳೇ' ಎಂಬುದು ಸ್ಪಷ್ಟವಾಗಿ ಕೇಳಿಸಿತು.

ಆಮೇಲಿನ ದಿನಗಳಲ್ಲಿ ಅತ್ತೆ ತಮಗೆ ಗೊತ್ತಿದ್ದ ಎಲ್ಲ ವಿದ್ಯೆಯನ್ನೂ ಪ್ರಯೋಗಿಸಿದರು. ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿ, ಅದರ ಮುಚ್ಚಳವನ್ನು ಇಡೀ ಬೀದಿಗೆ ಕೇಳುವಂತೆ ತೆರೆದರು, ಮುಚ್ಚಿದರು. ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದರು. ಗೋಡೆಯ ಮೇಲಿದ್ದ ಮೊಮ್ಮಗಳ ಚಿಕ್ಕಂದಿನ ಫೋಟೋ ತೆಗೆದು, ಗೋಡೆಯಲ್ಲಿ ಉಳಿದ ಬಿಳಿ ಚೌಕ ಎಲ್ಲರಿಗೂ ಕಾಣುವಂತೆ ಪರದೆ ಸರಿಸಿದರು. ಚಹಾ ಮುಟ್ಟದೆ ಆರಿಸಿದರು. ದುರ್ಬೀನು ಇದನ್ನೆಲ್ಲ ನೋಡಿದಳು. ಪೆಟ್ಟಿಗೆಯ ಮುಚ್ಚಳದ ಕೀಲು ಬಿಗಿಯಾಗಿದೆಯೆಂದು ಎಣ್ಣೆ ಬಿಟ್ಟಳು. ಚೌಕಕ್ಕೆ ಬಣ್ಣ ಹೊಡೆಸೋಣವೇ ಎಂದು ಗಂಡನನ್ನು ಕೇಳಿದಳು. ಆರಿದ ಚಹಾ ಚೆಲ್ಲಿ ಲೋಟ ತೊಳೆದಳು.

ಮಗಳಿಗೆ ತಡೆಯಲಾಗಲಿಲ್ಲ. ಮೊದಲು ಅಜ್ಜಿಯ ಹತ್ತಿರ ಹೋದಳು.

"ಅಜ್ಜಿ, ಅಮ್ಮಂಗೆ ನಿಜವಾಗ್ಲೂ ತಿಳೀತಿಲ್ಲ. ಆ ಮಾತ್ರೆ ಶುರುವಾದಾಗಿಂದ ಹೀಗೆ. ಹೋಗಲ್ಲ ಅಂತ ನೀನೇ ಒಂದು ಮಾತು ಹೇಳ್ಬಾರ್ದಾ?"

"ಮಾತ್ರೆಯಂತೆ ಮಾತ್ರೆ. ನಿದ್ದೆ ಬರೋಕೆ ತಗೊಂಡ್ರೆ ಕಣ್ಣು ಹೋಗುತ್ತಾ? ಇಷ್ಟು ವರ್ಷ ಹೇಳದೆ ತಿಳೀತಿತ್ತು ಅವಳಿಗೆ. ಈಗ ಬಾಯಿಬಿಟ್ಟು ತಿಳಿಸೋ ಗತಿ ನನಗಿನ್ನೂ ಬಂದಿಲ್ಲ."

"ಗತಿ ಬರೋದು ಬಿಡು, ಟಿಕೆಟ್ಟೇ ಬಂದಿದೆ!"

"ಬರ್ಲಿ. ಅವಳಿಗೆ ನಾನು ಸಾಕಾಗಿದ್ದೀನಿ. ಅಷ್ಟು ತಿಳೀದಷ್ಟು ದಡ್ಡಿಯಲ್ಲ ನಾನು."

ಮಗಳು ಅಲ್ಲಿಂದ ಅಡುಗೆಮನೆಗೆ ಬಂದು ತಾಯಿಯ ಮೇಲೆ ಹರಿಹಾಯ್ದಳು. "ಅಮ್ಮ, ಅಜ್ಜಿ ಮುಖ ನೋಡಿದ್ಯಾ ನೀನು?"

"ನೋಡ್ದೆನಲ್ಲ. ಚೆನ್ನಾಗೇ ಇದ್ದಾರೆ."

"ಎಲ್ಲಿ ಚೆನ್ನಾಗಿದಾಳೆ? ಅವಳಿಗೆ ಹೋಗೋಕೆ ಇಷ್ಟ ಇಲ್ಲ!"

"ಹೋಗ್ತೀರಾ ಅಂತ ನಾನೇ ಕೇಳಿದೆ. ಹೂಂ ಅಂದ್ರು."

"ಅಜ್ಜಿ ಯಾವಾಗಮ್ಮ ಮನಸಲ್ಲಿದ್ದದ್ದು ಹೇಳಿದಾಳೆ?"

ದುರ್ಬೀನು ಮಗಳ ಮಾತನ್ನು ಯೋಚಿಸುತ್ತಾ ತಟ್ಟೆ ಒರೆಸಿದಳು. ನಿಜವಿರಬಹುದು ಅನ್ನಿಸಿತು. ಆದರೆ ಅತ್ತೆಯ ಮುಖವನ್ನು ನೆನೆದುಕೊಂಡರೆ ಮೂಗು, ಕಣ್ಣು, ಸುಕ್ಕುಗಳು ತಮ್ಮ ತಮ್ಮ ಜಾಗದಲ್ಲಿ ಸುಮ್ಮನೆ ಇದ್ದವು. ಮೊದಲು ಅಲ್ಲಿ ಏನೋ ಬರೆದಿರುತ್ತಿತ್ತಲ್ಲ ಎಂಬ ನೆನಪು ಮಾತ್ರ ಇತ್ತು.

ಗಂಡನನ್ನು ಕೇಳಿದಳು. ಅವನು ಬಹಳ ಹೊತ್ತು ಸ್ಕ್ರೂಡ್ರೈವರ್ ಒರೆಸಿದ. ಅವನಿಗೆ ತಾಯಿಯೂ ಬೇಕು, ರಾತ್ರಿ ಪಕ್ಕದಲ್ಲಿ ಅಳದೆ ನಿದ್ದೆ ಮಾಡುವ ಹೆಂಡತಿಯೂ ಬೇಕು. "ಅಮ್ಮ ಹೋಗ್ತೀನಿ ಅಂದ್ರೆ ಹೋಗ್ಲಿ ಬಿಡು," ಎಂದು ಕೊನೆಗೆ ಅಂದ. ಆ ಮಾತಿನಲ್ಲೂ ಏನೋ ಇದ್ದಿರಬೇಕು. ಅದೂ ಅವಳಿಗೆ ತಲುಪಲಿಲ್ಲ.

ಮಗಳು ಹಟ ಹಿಡಿದು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು.

"ನನಗೆ ಆರಾಮಾಗಿದೆ ಡಾಕ್ಟ್ರೇ," ಎಂದಳು ದುರ್ಬೀನು. "ಆದ್ರೆ ಮನುಷ್ಯರೆಲ್ಲ ಗಾಜಿನಾಚೆ ನಿಂತಂಗಿದಾರೆ. ತುಟಿ ಆಡೋದು ಕಾಣುತ್ತೆ, ಅಷ್ಟೇ."

ಡಾಕ್ಟರಮ್ಮ ತಲೆಯಾಡಿಸಿದರು. "ಕೆಲವರಿಗೆ ಹೀಗಾಗುತ್ತೆ. ನೋವು ಮೊಂಡಾಗುವಾಗ ಉಳಿದದ್ದೂ ಸ್ವಲ್ಪ ಮೊಂಡಾಗುತ್ತೆ. ಆದ್ರೆ ಈಗಲೇ ಕಮ್ಮಿ ಮಾಡಿದ್ರೆ ಆ ಉಗ್ರಾಣದ ದಿನ ಮತ್ತೆ ಬರಬಹುದು. ಇನ್ನೂ ಕೆಲವು ವಾರ ಹೋಗ್ಲಿ, ಆಮೇಲೆ ಸ್ವಲ್ಪಸ್ವಲ್ಪ ಇಳಿಸೋಣ."

"ಅಷ್ಟರಲ್ಲಿ ಅಜ್ಜಿ ಹೋಗಿಬಿಟ್ಟಿರ್ತಾಳೆ," ಎಂದಳು ಮಗಳು ಬಸ್ಸಿನಲ್ಲಿ. ಅಂದವಳೇ ಕಿಟಕಿಗೆ ಹಣೆ ಆನಿಸಿ ಅಳತೊಡಗಿದಳು. ದುರ್ಬೀನು ಅವಳ ಕೆನ್ನೆಯ ಮೇಲೆ ನೀರು ಇಳಿಯುವುದನ್ನು ನೋಡಿದಳು. ಬೆಳಕು ಬಿದ್ದು ಅದು ಹೊಳೆಯುತ್ತಿತ್ತು. ಇಂಥ ಹೊತ್ತಿನಲ್ಲಿ ಕರವಸ್ತ್ರ ಕೊಡಬೇಕು ಎಂದು ನೆನಪಾಯಿತು, ಕೊಟ್ಟಳು. ಹೆತ್ತ ಮಗಳು ಅಳುತ್ತಿದ್ದಾಳೆ, ನನಗೆ ಏನೂ ಆಗುತ್ತಿಲ್ಲವಲ್ಲ ಎಂದುಕೊಂಡಳು. ಹೆದರಬೇಕಾದ ಸಂಗತಿ ಅದು. ಹೆದರಿಕೆಯೂ ಆಗಲಿಲ್ಲ. ಬಸ್ಸು ಮೆಲ್ಲಗೆ ತೂಗುತ್ತಾ ಹೋಯಿತು.

ಅದೇ ವಾರ ಅಂಗಡಿಯಲ್ಲಿ ಒಂದು ರಗಳೆಯಾಯಿತು. ಒಬ್ಬ ತಾಯಿ ಪುಟ್ಟ ಹುಡುಗಿಯ ಕೈ ಹಿಡಿದು ಬಂದು ಕೆಂಪು ಬಕಲಿನ ಶೂಗಳನ್ನು ಮಾಲೀಕನ ಮುಂದೆ ಕುಕ್ಕಿದಳು. ಹುಡುಗಿಯ ಎರಡೂ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದು ಒಡೆದಿತ್ತು. ಮಾಲೀಕ ದುರ್ಬೀನನ್ನು ಕರೆದ.

"ನೀವಾ ಇದನ್ನ ಹಾಕಿ ಕೊಟ್ಟಿದ್ದು? ನೀವು?" ಎಂದ. ನಂಬಲಾಗದೆ ಎರಡು ಸಲ ಕೇಳಿದ.

ದುರ್ಬೀನು ಹುಡುಗಿಯ ಮುಂದೆ ಕುಳ್ಳ ಸ್ಟೂಲು ಎಳೆದುಕೊಂಡು ಕೂತಳು. "ಪುಟ್ಟಿ, ಆವತ್ತು ಸರಿಯಾಗಿದೆಯಾ ಅಂತ ಕೇಳಿದೆನಲ್ಲ?"

"ಹೂಂ ಅಂದೆನಲ್ಲ."

"ನೋಯ್ತಿರ್ಲಿಲ್ವಾ?"

"ನೋಯ್ತಿತ್ತು."

"ಹೇಳ್ಲೇ ಇಲ್ವಲ್ಲ ಮತ್ತೆ!"

"ನೀವು ಸರಿಯಾಗಿದೆಯಾ ಅಂತ ಕೇಳಿದ್ರಿ. ನೋಯುತ್ತಾ ಅಂತ ಕೇಳಲಿಲ್ಲ," ಎಂದಳು ಹುಡುಗಿ, ಇಷ್ಟು ದೊಡ್ಡವಳಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬಂತೆ.

ಅಂದಿನಿಂದ ದುರ್ಬೀನು ಕೇಳುವುದನ್ನು ಕಲಿಯತೊಡಗಿದಳು. "ನನ್ನ ಕಣ್ಣು ಈಗ ಸ್ವಲ್ಪ ಮಂಜು. ನೀನು ಹೇಳಿದ್ರೇನೇ ನಂಗೆ ತಿಳಿಯೋದು. ಇಲ್ಲಿ ನೋಯುತ್ತಾ? ಇಲ್ಲಿ?" ಎನ್ನುತ್ತಿದ್ದಳು. ಮಕ್ಕಳಿಗೆ ಅದೊಂದು ಆಟವಾಯಿತು. ಕಾಲಿನ ನೋವು ಹೇಳುತ್ತಾ ಹೇಳುತ್ತಾ ಮನೆಯ ಬೆಕ್ಕು, ಮುರಿದ ಪೆನ್ಸಿಲ್ಲು ಎಲ್ಲವನ್ನೂ ಹೇಳುತ್ತಿದ್ದರು. ಇದು ಅಂಗಡಿಯ ಉಪಾಯ. ಮನೆಯಲ್ಲಿ ಹಾಗೆ ಕೇಳಬಹುದೆಂದು ಅವಳಿಗೆ ಹೊಳೆಯಲಿಲ್ಲ. ಮನೆಯಲ್ಲಿ ಎಂದಾದರೂ ಯಾರಾದರೂ ಕೇಳಿದ್ದರೆ ತಾನೇ?

ಹೊರಡುವ ದಿನ ಬೆಳಗ್ಗೆ ಗಂಡ ಟ್ಯಾಕ್ಸಿ ತರಲು ಹೋದ. ಮಗಳು ಮುಖ ಊದಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಹೊರಗಿನ ಕೋಣೆಯಲ್ಲಿ ಪೆಟ್ಟಿಗೆ ಕಟ್ಟಿ ನಿಂತಿತ್ತು. ಕಿಟಕಿಯ ಬೆಳಕಿನಲ್ಲಿ ಧೂಳಿನ ಕಣಗಳು ತೇಲಾಡುತ್ತಿದ್ದವು, ಆ ಬೆಳಕಿನ ಮಧ್ಯೆ ಅತ್ತೆ ಕುರ್ಚಿಯ ಮೇಲೆ ಯಾವುದೋ ನಿಲ್ದಾಣದಲ್ಲಿ ಕಾಯುವವರಂತೆ ಕೂತಿದ್ದರು.

ದುರ್ಬೀನು ಒಂದು ಡಬ್ಬಿ ತಂದಳು. ಪ್ರಯಾಣಕ್ಕೆಂದು ಮಾಲೀಕನಿಗೆ ಹೇಳಿ ತರಿಸಿದ ಮೆತ್ತನೆಯ ಶೂ. ಮಣೆ ಎಳೆದುಕೊಂಡು ಕೂತು, ಅತ್ತೆಯ ಪಾದವನ್ನು ಮಡಿಲಲ್ಲಿಟ್ಟುಕೊಂಡಳು. ಹೆಬ್ಬೆರಳ ಪಕ್ಕದ ಗಂಟು, ಒರಟು ಹಿಮ್ಮಡಿ ಅವಳ ಕೈಗೆ ಹಳೆಯ ಪರಿಚಯ. ಎಷ್ಟು ಸಲ ಈ ಉಗುರು ಕತ್ತರಿಸಿದ್ದಳೋ. ಶೂ ಹಾಕಿ, ತುದಿ ಒತ್ತಿ, ತಲೆ ಎತ್ತಿದಳು.

"ಸರಿಯಾಗಿದೆಯಾ ಅತ್ತೆ?"

"ಹೂಂ. ನನಗೇನು. ಎಲ್ಲಾ ಸರಿಯಾಗೇ ಇದೆ."

ಅವಳು ಆ ಮುಖವನ್ನು ನೋಡಿದಳು. ಅದೇ ಮೂಗು, ಅದೇ ಕಣ್ಣು, ಅದೇ ಸುಕ್ಕು. ಆದರೆ ಹೆಬ್ಬೆರಳಿನ ಕೆಳಗೆ, ಶೂವಿನೊಳಗೆ, ಅತ್ತೆಯ ಬೆರಳುಗಳು ಮುದುರಿಕೊಂಡಿದ್ದವು. ಕೆಂಪು ಬಕಲಿನ ಹುಡುಗಿ ನೆನಪಾದಳು.

"ಅತ್ತೆ, ಎಲ್ಲಿ ನೋಯ್ತಿದೆ?"

"ಏನು?"

"ಸರಿಯಾಗಿದೆಯಾ ಅಂತ ಕೇಳ್ತಿಲ್ಲ. ಎಲ್ಲಿ ನೋಯ್ತಿದೆ ಅಂತ ಕೇಳ್ತಿದ್ದೀನಿ."

"ಯಾಕೆ, ನಿನ್ನ ಕಣ್ಣಿಗೇನಾಗಿದೆ? ನೋಡಿದ್ರೆ ತಿಳಿಯಲ್ವಾ?"

"ತಿಳಿಯಲ್ಲ ಅತ್ತೆ. ಉಗ್ರಾಣದಲ್ಲಿ ಸಾಯೋ ಹಾಗೆ ಅಳ್ತಿದ್ದೆ, ಮಾತ್ರೆ ಅದನ್ನ ನಿಲ್ಲಿಸ್ತು. ಅದರ ಜೊತೆಗೆ ಇದೂ ಹೋಯ್ತು. ಬಸ್ಸಲ್ಲಿ ನನ್ನ ಮಗಳು ಅತ್ರೆ ನನಗೆ ಏನೂ ಆಗಲಿಲ್ಲ. ಯಾರ ಮುಖವೂ ತಿಳೀತಿಲ್ಲ."

"ನನ್ನದೂ?"

"ನಿಮ್ಮದೂ."

ಅತ್ತೆ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಅಂದ್ರೆ... ನಾನು ಸಾಕಾದೆ ಅಂತ ನೀನು ಕಳಿಸ್ತಿರೋದಲ್ಲ ಅಂತೀಯಾ?"

"ನೀವು ಹೋಗ್ತೀನಿ ಅಂದ್ರಿ. ನಾನು ನಂಬಿದೆ."

"ನನ್ನ ಮಾತು ನಂಬೋದಾ? ಈ ಮನೇಲಿ ನನ್ನ ಮಾತು ಯಾರು ನಂಬ್ತಾರೆ!" ಎಂದರು ಅತ್ತೆ. ಬೀದಿಯಲ್ಲಿ ಟ್ಯಾಕ್ಸಿ ಬಂದು ನಿಂತ ಸದ್ದಾಯಿತು. ಅತ್ತೆ ಒಮ್ಮೆ ಕಿಟಕಿಯಾಚೆ, ಒಮ್ಮೆ ತಮ್ಮ ಪಾದ ಹಿಡಿದು ಕೂತ ಸೊಸೆಯ ಕಡೆ ನೋಡಿದರು.

"ಒತ್ತುತ್ತೆ," ಎಂದರು.

"ಎಲ್ಲಿ?"

"ಎಲ್ಲಾ ಕಡೆ. ನಂಗೆ ಹೋಗೋಕೆ ಇಷ್ಟ ಇಲ್ಲ ಕಣೇ. ಅವಳ ಮನೇಲಿ ಟಿವಿ ಇದೆಯಂತೆ. ಟಿವಿ ನನ್ನ ತಲೆ ಬಾಚುತ್ತಾ? ನಂಗೆ ಇಲ್ಲೇ ಇರಬೇಕು. ನಿನ್ನ ಹತ್ರ."

ದುರ್ಬೀನು ಕಾದಳು. ಇಂಥ ಮಾತು ಕೇಳಿದರೆ ಎದೆಯೊಳಗಿಂದ ಏನೋ ಉಕ್ಕಿ ಬರಬೇಕಿತ್ತು. ಇಪ್ಪತ್ತು ವರ್ಷದಿಂದ ಈ ಮಾತನ್ನು ಮುಖದಲ್ಲಿ ಓದಿದ್ದಳೇ ಹೊರತು ಕಿವಿಯಿಂದ ಒಮ್ಮೆಯೂ ಕೇಳಿರಲಿಲ್ಲ. ಏನೂ ಉಕ್ಕಲಿಲ್ಲ. ಧೂಳಿನ ಕಣಗಳು ಬೆಳಕಿನಲ್ಲಿ ಹಾಗೇ ತೇಲುತ್ತಿದ್ದವು.

"ಅತ್ತೆ, ಈಗ ನಂಗೆ ಅಳು ಬರಬೇಕಿತ್ತು. ಬರ್ತಿಲ್ಲ," ಎಂದಳು. "ಆದ್ರೂ ನೀವು ಹೋಗಬೇಡಿ. ಇಲ್ಲೇ ಇರಿ."

ಅತ್ತೆಯ ಕಣ್ಣಿನಿಂದ ಆಗಲೇ ಧಾರಾಕಾರ ಸುರಿಯುತ್ತಿತ್ತು. ತೋಳಿನಿಂದಲೇ ಮೂಗು ಒರೆಸಿಕೊಂಡು ಗದರಿದರು. "ಅಳೋದು ನಾನು ಅಳ್ತೀನಿ. ಅದಕ್ಕೂ ನೀನೇ ಬೇಕಾ? ನೀನು ಎದ್ದು ಆ ಪೆಟ್ಟಿಗೆ ಬಿಚ್ಚು."

ಬಾಗಿಲಲ್ಲಿ ಗಂಡ ಬಂದು ನಿಂತಿದ್ದ, ಅವನ ಬೆನ್ನಿಗೆ ಮಗಳು. "ಟ್ಯಾಕ್ಸಿ ಬಂತು," ಎನ್ನಲು ಬಂದವನು ಒಳಗಿನದನ್ನು ನೋಡಿ, "ಟ್ಯಾಕ್ಸಿ ವಾಪಸ್ ಕಳಿಸ್ಲಾ?" ಎಂದು ಕೇಳಿದ. ಯಾರೂ ಹೇಳದೆ ಅವನಿಗೆ ತಿಳಿದದ್ದು ಇದೇ ಮೊದಲಿರಬೇಕು.

ದುರ್ಬೀನು ಪೆಟ್ಟಿಗೆಯ ಹಗ್ಗ ಬಿಚ್ಚಿದಳು. ಎಣ್ಣೆ ಬಿಟ್ಟ ಮುಚ್ಚಳ ಸದ್ದಿಲ್ಲದೆ ತೆರೆಯಿತು. ಎಲ್ಲಕ್ಕಿಂತ ಮೇಲೆ, ಬೇಗ ಕೈಗೆ ಸಿಗಲೆಂಬಂತೆ, ಬಾಚಣಿಗೆ ಇತ್ತು. ಅದನ್ನು ತೆಗೆದುಕೊಂಡು ಬಂದು ಕುರ್ಚಿಯ ಹಿಂದೆ ನಿಂತಳು. ಹಿಂದಿನಂತೆ ಸುಮ್ಮನೆ ಬಾಚತೊಡಗಲಿಲ್ಲ.

"ತಲೆ ಬಾಚ್ಲಾ ಅತ್ತೆ?"

"ಬೇಡ," ಎಂದರು ಅತ್ತೆ ಅಭ್ಯಾಸಬಲದಿಂದ.

ಬಾಚಣಿಗೆ ಕೆಳಗಿಳಿಯಿತು. ಅತ್ತೆ ನಾಲಿಗೆ ಕಚ್ಚಿಕೊಂಡರು.

"ಬಾಚು," ಎಂದರು.